ಹಳೇ ಕಂಪ್ಯೂಟರಿಗೆ ಇನ್ನೂ ಕಸುವಿದೆ
ಹೈದರಾಬಾದಿನ ದಿಲ್‌ಸುಖ್‌ನಗರವೆಂದರೆ ಕೋಚಿಂಗ್ ಸೆಂಟರುಗಳು, ಹಾಸ್ಟೆಲುಗಳು, ಎತ್ತ ನೋಡಿದರೂ ಸಾಫ್ಟ್‌ವೇರ್ ಕೋರ್ಸುಗಳ ಬೋರ್ಡುಗಳು. ಕಲಿಯಲು ಬಂದವರಲ್ಲಿ ಎಷ್ಟೋ ಮಂದಿಯ ಕೈಯಲ್ಲಿರುವುದು ಅಣ್ಣನೋ ಅಕ್ಕನೋ ಬಳಸಿ ಬಿಟ್ಟ ಲ್ಯಾಪ್‌ಟಾಪು. ಅದು ತೆವಳತೊಡಗಿತೆಂದು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ಹೊಸದಕ್ಕೆ ದುಡ್ಡು ಸುರಿಯುವ ಮುನ್ನ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಬೇಕು. ಕಂಪ್ಯೂಟರ್ ಆನ್ ಆಗುತ್ತಲೇ ತಾವೂ ಎದ್ದು ಕೂರುವ ಚಾಟ್, ಸಂಗೀತ, ಗೇಮ್ ಆ್ಯಪುಗಳೆಲ್ಲ ಅಲ್ಲಿನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಸಿಗುತ್ತವೆ. ಬೇಡದವನ್ನು ಡಿಸೇಬಲ್ ಮಾಡಿದರಾಯಿತು. ಆಂಟಿವೈರಸ್ ಮಾತ್ರ ಮುಟ್ಟಬಾರದು. ಜನ ಮರೆಯುವುದು ಧೂಳನ್ನು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ ಫ್ಯಾನಿನ ರೆಕ್ಕೆಗಳಿಗೆ, ಅದರ ಹಿಂದಿನ ಹೀಟ್‌ಸಿಂಕಿನ ಸಂದಿಗಳಿಗೆ ಬೂದು ಧೂಳು ಕಂಬಳಿಯಂತೆ ಮೆತ್ತಿಕೊಂಡರೆ ಬಿಸಿ ಹೊರಹೋಗುವುದಿಲ್ಲ. ಆಗ ಪ್ರೊಸೆಸರ್ ಸುಟ್ಟುಹೋಗದಿರಲೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟರೂ ಗಾಳಿಕಿಂಡಿ ಮುಚ್ಚಿ ಇದೇ ಗತಿ. ಸಿ ಡ್ರೈವಿನಲ್ಲಿ ಒಂದಿಷ್ಟು ಜಾಗ ಖಾಲಿ ಇರಲಿ. ಚದುರಿದ ಫೈಲು ತುಣುಕುಗಳನ್ನು ಒಂದೆಡೆ ಜೋಡಿಸುವ ಡಿಫ್ರಾಗ್ ತಿರುಗುವ ಹಾರ್ಡ್‌ಡಿಸ್ಕಿಗೆ ಸರಿ, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಗೆ ಅದು ಬೇಕಿಲ್ಲ. ನಿಜಕ್ಕೂ ಖರ್ಚು ಮಾಡುವುದಾದರೆ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸುವುದೇ ಮೇಲು. ಅಷ್ಟು ಫಲ ಕೊಡುವ ರಿಪೇರಿ ಇನ್ನೊಂದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದನ್ನೂ ಗಮನಿಸಬೇಕು. ಯಾವ ಕೆಲಸಕ್ಕೇ ಕೈಹಾಕಲಿ, ಮೊದಲು ಫೋಟೊ, ಪ್ರಾಜೆಕ್ಟ್, ಮಾರ್ಕ್ಸ್‌ಕಾರ್ಡುಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ.