ಒಂದೇ ಮನೆಯ ಎರಡು ಗುಟ್ಟಿನ ಸಾಲ: ಸಾವಳಗಿ ಸೀಮೆಯ ಗಂಡ-ಹೆಂಡತಿಯರಿಗೊಂದು ಮನವಿ

ಸಾವಳಗಿ ಹೋಬಳಿಯ ಅಣ್ಣಂದಿರೆ, ಅಕ್ಕಂದಿರೆ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಬಂಧುಗಳೆ,

ನಿಮ್ಮಲ್ಲಿ ಕೈಮುಗಿದು ಕೇಳುವುದು ಒಂದೇ. ಮನೆಯ ಸಾಲವನ್ನು ಮನೆಯವರಿಂದ ಮುಚ್ಚಿಡಬೇಡಿ. ಗಂಡ ಹೆಂಡತಿಗೆ ಹೇಳಲಿ, ಹೆಂಡತಿ ಗಂಡನಿಗೆ ಹೇಳಲಿ. ಅರ್ಧ ಹೇಳಿ ಅರ್ಧ ನುಂಗುವುದು ಬೇಡ. ಯಾರಿಗೆ, ಎಷ್ಟು, ಯಾವ ಬಡ್ಡಿಗೆ, ಎಂದಿಗೆ ಕೊಡಬೇಕು ಎಂಬ ನಾಲ್ಕೂ ಮಾತು ಹೊರಗೆ ಬರಲಿ.

ಕಷ್ಟ ಬಂದ ಮನೆಗೆ ಹೋದವರೆಲ್ಲ ನಮ್ಮ ಕಡೆ ಹೇಳುವ ಮಾತೊಂದಿದೆ: ‘ಧೈರ್ಯ ತಗೋರಿ, ಎಲ್ಲಾ ಚಲೋ ಆಗ್ತೈತಿ.’ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬನ ತಲೆಯೊಳಗೆ ಲೆಕ್ಕ ಶುರುವಾದಾಗ ಈ ಮಾತು ಕೆಲಸಕ್ಕೆ ಬರುವುದಿಲ್ಲ. ಆ ಲೆಕ್ಕ ಪಕ್ಕದಲ್ಲಿ ಮಲಗಿದ ಇನ್ನೊಂದು ಜೀವಕ್ಕೂ ಗೊತ್ತಿದ್ದರೆ ಮಾತ್ರ ಧೈರ್ಯ ಬರುತ್ತದೆ ಎಂದು ನಾನು ನಂಬಿದ್ದೇನೆ.

ನಮ್ಮ ಹಳ್ಳಿಗಳಲ್ಲಿ ನಡೆಯುವುದೇ ಬೇರೆ. ಗಂಡಸಿನ ಸಾಲ ಒಂದು ದಾರಿ ಹಿಡಿದಿರುತ್ತದೆ. ಸೊಸೈಟಿಯ ಬೆಳೆಸಾಲ, ಬೋರ್ ಹಾಕಿಸಲು ಬ್ಯಾಂಕಿನಲ್ಲಿ ತೆಗೆದದ್ದು, ಗೊಬ್ಬರದಂಗಡಿಯ ಉದ್ರಿ, ಇವೆಲ್ಲ ಮುಗಿದ ಮೇಲೆ ತಿಂಗಳಿಗೆ ನೂರಕ್ಕೆ ಮೂರರಂತೆ ತಂದ ಕೈಗಡ. ಮನೆಯಲ್ಲಿ ಹೇಳಿದೆಯಾ ಎಂದರೆ, ‘ಆಕಿಗೆ ಯಾಕ ಹೇಳೂದ್ರಿ, ಸುಮ್ನ ಚಿಂತಿ ಮಾಡ್ತಾಳ’ ಎನ್ನುತ್ತಾನೆ. ಹೆಣ್ಣುಮಗಳ ಸಾಲ ಇನ್ನೊಂದು ದಾರಿಯದು. ಸಂಘದ ಸಾಲ. ವಾರಕ್ಕೋ ತಿಂಗಳಿಗೋ ಕಂತು. ಮಗನ ಫೀಸಿಗೆ ತೆಗೆದಿರುತ್ತಾಳೆ, ತವರಿನಲ್ಲಿ ತಾಯಿಯ ಆಪರೇಷನ್ನಿಗೆ ಕೊಟ್ಟಿರುತ್ತಾಳೆ. ಮೊದಲ ಮೈಕ್ರೊಫೈನಾನ್ಸ್ ಕಂಪನಿಯ ಕಂತು ಕಟ್ಟಲು ಎರಡನೇ ಕಂಪನಿಯಲ್ಲಿ ತೆಗೆದಿರುವುದೂ ಉಂಟು. ‘ಅವ್ರಿಗೆ ಗೊತ್ತಾದ್ರ ಸಿಟ್ಟಿಗೇಳ್ತಾರ’ ಎಂದು ಅವಳೂ ಸುಮ್ಮನಿರುತ್ತಾಳೆ. ಒಂದೇ ಸೂರಿನಡಿ ಇಬ್ಬರೂ ಒಬ್ಬರ ಮೇಲೊಬ್ಬರಿಗಿರುವ ಪ್ರೀತಿಯಿಂದಲೇ ಎರಡು ಗುಟ್ಟು ಸಾಕುತ್ತಿದ್ದಾರೆ. ಕಬ್ಬಿನ ಬಿಲ್ ಬಂದರೆ ನನ್ನ ಸಾಲ ತೀರಿಸಬಹುದು ಎಂದು ಅವನು, ಅದೇ ಬಿಲ್ಲಿನಲ್ಲಿ ತನ್ನ ಕಂತು ಕಟ್ಟಬಹುದು ಎಂದು ಅವಳು. ಒಂದೇ ಹಣವನ್ನು ಇಬ್ಬರೂ ಮನಸ್ಸಿನಲ್ಲಿ ಖರ್ಚು ಮಾಡಿ ಮುಗಿಸಿರುತ್ತಾರೆ.

ಆ ಬಿಲ್ಲಾದರೂ ಹೇಳಿದ ದಿನ ಬರುತ್ತದೆಯೆ? ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಆದೇಶ ಇದ್ದೂ ಕಾಯುವುದು ತಪ್ಪಿಲ್ಲ. 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು ರಾತ್ರಿ ಕುಳಿತರು; ಕೊನೆಗೆ ಸರ್ಕಾರ 3,300 ಎಂದಿತು. ಬೀದಿಯಲ್ಲಿ ಅಷ್ಟು ಗಟ್ಟಿಯಾಗಿ ದರ ಕೇಳಬಲ್ಲ ಗಂಡಸು ಮನೆಯೊಳಗೆ ಸಾಲದ ಮೊತ್ತ ಹೇಳಲು ಯಾಕೆ ತಡವರಿಸುತ್ತಾನೆ ಎಂಬುದೇ ನನ್ನನ್ನು ಕಾಡುವ ಪ್ರಶ್ನೆ.

ನಮ್ಮ ಸೀಮೆಯವರು ಕಷ್ಟಕ್ಕೆ ಅಂಜುವವರಲ್ಲ. ಕೃಷ್ಣೆ ಪಕ್ಕದಲ್ಲೇ ಹರಿದರೂ ಹೊಲ ಒಣಗುತ್ತಿದ್ದ ಕಾಲದಲ್ಲಿ, ಸರ್ಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. 1989ರಲ್ಲಿ ಮುಗಿದ ಆ ಕಟ್ಟೆಗೆ ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಅದೇ ಹೊಳೆ 2019ರ ಆಗಸ್ಟಿನಲ್ಲಿ ದಂಡೆ ಮೀರಿ ಮನೆಯೊಳಗೆ ಬಂದಾಗಲೂ ಊರಿಗೆ ಊರೇ ಎದ್ದು ನಿಂತಿತು. ಊರಿನ ಕಷ್ಟವನ್ನು ಕೂಡಿ ಹೊರಲು ನಮಗೆ ಗೊತ್ತು. ಸ್ವಂತ ಮನೆಯ ಕಷ್ಟವನ್ನು ಮಾತ್ರ ಒಬ್ಬನೇ ಹೊರಲು ಹೋಗುತ್ತೇವೆ.

ಒಬ್ಬನೇ ಹೊರುವುದರ ಫಲ ಏನೆಂದು ಹೇಳಲೇಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ಹತ್ತಕ್ಕೆ ಏಳು ಮಂದಿ ಗಂಡಸರು. ಇಂಥ ಸಾವಿಗೆ ಕಾರಣ ಒಂದೇ ಇರುವುದಿಲ್ಲ, ಗೊತ್ತು. ಆದರೆ ಸಾಲಗಾರ ರೈತ ಹೋದ ಮನೆಯ ಅಂಗಳದಲ್ಲಿ ಹೆಂಡತಿಯ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು ಒಂದೇ: ‘ಒಂದ್ ಮಾತು ನನಗ ಹೇಳಿದ್ರ ಆಗ್ತಿದ್ದಿಲ್ಲೇನು.’ ಉಳಿದ ಸಾಲಕ್ಕೆ ಉತ್ತರ ಹೇಳುವವಳು ಅವಳೇ. ಸೀರೆಯ ಸೆರಗು ಮುಖಕ್ಕೆ ಹಿಡಿದು ಕುಳಿತವಳ ಮುಂದೆ ಒಬ್ಬೊಬ್ಬರಾಗಿ ಬಂದು ನನಗಿಷ್ಟು ಬರಬೇಕು ಎನ್ನುತ್ತಾರೆ. ಅವಳಿಗೆ ಚಿಂತೆ ತಪ್ಪಿಸಲೆಂದು ಮುಚ್ಚಿಟ್ಟದ್ದೆಲ್ಲ ಒಂದೇ ದಿನ ಅವಳ ಮಡಿಲಿಗೆ ಬೀಳುತ್ತದೆ.

ಶರಣರ ಮನೆಯಲ್ಲಿ ಹೀಗಿರಲಿಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಸಲ್ಲದು, ಮರಳಿ ಸುರಿದು ಬಾ ಎಂದವಳು ಅವನ ಹೆಂಡತಿ ಲಕ್ಕಮ್ಮ. ಅವಳ ನಿಷ್ಠೆಯನ್ನು ನಾವೆಲ್ಲ ಕೊಂಡಾಡುತ್ತೇವೆ. ಅದರ ಕೆಳಗಿರುವ ಸಣ್ಣ ಸಂಗತಿಯನ್ನು ಗಮನಿಸಿ: ಮನೆಗೆ ಎಷ್ಟು ಬಂತು, ಎಷ್ಟು ಬೇಕು ಎಂಬುದು ಹೆಂಡತಿಗೆ ಗೊತ್ತಿತ್ತು, ಗಂಡ ಅವಳ ಮಾತು ಕೇಳಿದ.

ಅಣ್ಣಂದಿರೆ, ಹೇಳುವುದು ಹೇಗೆ ಎಂದು ಅನುಮಾನ ಬೇಡ. ಮಕ್ಕಳು ಮಲಗಿದ ಮೇಲೆ ಸೊಸೈಟಿಯ ಪಾಸ್‌ಬುಕ್ಕು, ಬ್ಯಾಂಕಿನ ನೋಟಿಸು, ಅಂಗಡಿಯ ಚೀಟಿ, ಸಂಘದ ಕಾರ್ಡು ಎಲ್ಲ ಒಂದು ಕಡೆ ಇಡಿ. ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಒಂದೊಂದಾಗಿ ಬರೆಯಿರಿ. ಬರೆದಾಗ ಏನಾಗುತ್ತದೆ ನೋಡಿ. ನೂರಕ್ಕೆ ಮೂರರ ಕೈಗಡ ಒಂದು ಲಕ್ಷವಿದ್ದರೆ ವರ್ಷಕ್ಕೆ ಬಡ್ಡಿಯೇ 36,000 ರೂಪಾಯಿ. ಸಹಕಾರಿ ಸಂಘದ ಬೆಳೆಸಾಲಕ್ಕೆ, ಗಡುವಿನೊಳಗೆ ಕಟ್ಟಿದರೆ, 5 ಲಕ್ಷ ರೂಪಾಯಿವರೆಗೆ ಬಡ್ಡಿಯೇ ಇಲ್ಲ. ಕೈಗಡದವನ ಮುಖ ನೋಡಲಾರದೆ ಅವನ ಬಡ್ಡಿ ಕಟ್ಟುತ್ತ, ಸೊಸೈಟಿಯ ಗಡುವು ದಾಟಿಸಿ, ಸಿಗಬೇಕಿದ್ದ ಬಡ್ಡಿ ರಿಯಾಯಿತಿಯನ್ನೂ ಕಳೆದುಕೊಂಡ ಮನೆಗಳು ಎಷ್ಟೋ. ಇದು ಒಬ್ಬನ ತಲೆಯೊಳಗೆ ಇದ್ದಾಗ ಕಾಣುವುದಿಲ್ಲ, ಇಬ್ಬರು ಕೂತು ಬರೆದಾಗ ಕಾಣುತ್ತದೆ. ಎಮ್ಮೆ ಮಾರುವುದೋ, ಒಂದು ಎಕರೆ ಲಾವಣಿಗೆ ಹಾಕುವುದೋ, ಮದುವೆ ಒಂದು ವರ್ಷ ಮುಂದೂಡುವುದೋ ಎಂದು ತೂಗಿ ನೋಡಲು ಅವಳಿಗಿಂತ ಒಳ್ಳೆಯ ಸಲಹೆಗಾರರು ನಿಮಗೆ ಸಿಗಲಾರರು.

ಅಕ್ಕಂದಿರೆ, ಆ ರಾತ್ರಿ ನಿಮಗೆ ಸಿಟ್ಟು ಬರುತ್ತದೆ. ಹೇಳದೆ ಕೇಳದೆ ಬಂಗಾರ ಅಡ ಇಟ್ಟದ್ದು ಗೊತ್ತಾದರೆ ಯಾರಿಗೆ ಬಾರದು? ಅಳಬೇಕೆನಿಸಿದರೆ ಅಳಿ. ‘ನಮ್ಮಪ್ಪ ನನ್ನ ಎಂಥಾ ಮನಿಗೆ ಕೊಟ್ಟ’ ಎಂಬ ಒಂದು ಮಾತನ್ನು ಮಾತ್ರ ಆಡಬೇಡಿ. ಬಾಯಿ ಬಿಟ್ಟವನು ಆ ಮಾತಿಗೆ ಮತ್ತೆ ಬಾಯಿ ಮುಚ್ಚುತ್ತಾನೆ. ನಿಮ್ಮ ಸಂಘದ ಸಾಲವನ್ನೂ ಅಂದೇ ಹೇಳಿಬಿಡಿ. ಆಗ ಅಣ್ಣಂದಿರೂ ‘ನಿನಗೇನು ತಿಳೀತೈತಿ’ ಎನ್ನದಿರಲಿ. ಅತ್ತೆ ಮಾವಂದಿರಿಗೂ ಒಂದು ವಿನಂತಿ: ಮಗ ಸೊಸೆ ಕೂತು ಲೆಕ್ಕ ಮಾಡುವುದನ್ನು ಕಂಡು ‘ಹೆಂಡ್ತಿ ಮಾತು ಕೇಳ್ತಾನ’ ಎಂದು ಕಟ್ಟೆಯ ಮೇಲೆ ನಗಬೇಡಿ.

ಇಬ್ಬರಿಗೂ ಗೊತ್ತಿದ್ದರೆ ಬಾಗಿಲಿಗೆ ಬಂದವರ ಮುಂದೆ ಇಬ್ಬರೂ ನಿಲ್ಲಬಹುದು, ಕಾನೂನೂ ಜೊತೆಗಿರುತ್ತದೆ. ಮೈಕ್ರೊಫೈನಾನ್ಸ್ ಸಾಲಗಳ ಬಗ್ಗೆ ರಿಸರ್ವ್ ಬ್ಯಾಂಕು 2022ರಲ್ಲಿ ಮಾಡಿದ ನಿಯಮದಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಆ ಇಡೀ ಕುಟುಂಬದ ಎಲ್ಲ ಸಾಲದ ತಿಂಗಳ ಕಂತು ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಬಾರದು. ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ವಸೂಲಿಗೆ ಕಾಡುವಂತಿಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆ ಆಮೇಲೆ ಕಾಯ್ದೆಯೂ ಆಯಿತು: ವಸೂಲಿಯ ಹೆಸರಿನಲ್ಲಿ ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ದೂರು ಕೊಟ್ಟರೆ ಪೊಲೀಸರು ಬೇಡವೆನ್ನುವಂತಿಲ್ಲ.

ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಹೆಚ್ಚು ಹೇಳಬೇಕಾಗಿಲ್ಲ. ಹೆಂಡತಿ ಕಂಡಿಕೆ ಸುತ್ತದಿದ್ದರೆ ಗಂಡನ ಮಗ್ಗ ನಡೆಯದು. ದುಡಿಮೆಯಲ್ಲಿ ಇರುವ ಆ ಜೋಡಿ ಮಾಲೀಕರ ಮುಂಗಡದ ಲೆಕ್ಕದಲ್ಲೂ ಇರಲಿ. ಬೀಳಗಿ, ಜಮಖಂಡಿಯ ಮುಳುಗಡೆ ಊರಿನವರಿಗೆ ಇದು ಇನ್ನೊಂದು ರೀತಿಯಲ್ಲಿ ಬೇಕು. ಆಲಮಟ್ಟಿ ಹಿನ್ನೀರು 524.256 ಮೀಟರಿಗೆ ಏರುವಾಗ ಹೋಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿದೆ. ಅಷ್ಟು ದೊಡ್ಡ ಹಣ ಒಬ್ಬನ ಕೈಗೆ, ಒಬ್ಬನ ಖಾತೆಗೆ ಬಂದರೆ ಏನಾಗುತ್ತದೆಂದು ಹಿಂದೆ ಮುಳುಗಡೆಯಾದ ಊರುಗಳನ್ನು ಕೇಳಿದರೆ ಹೇಳುತ್ತವೆ. ಜಂಟಿ ಖಾತೆ ತೆರೆಯಿರಿ.

ಒಂದು ಮಾತು ಸ್ಪಷ್ಟವಾಗಿರಲಿ. ಕುಡಿದು ಬಂದು ಹೊಡೆಯುವವನ ಜೊತೆ ಹೊಂದಿಕೊಂಡು ಹೋಗು ಎಂದು ನಾನು ಯಾವ ತಂಗಿಗೂ ಹೇಳುತ್ತಿಲ್ಲ. ಅಂಥ ಮನೆಯಲ್ಲಿ ಮೊದಲು 181 ಅಥವಾ 112ಕ್ಕೆ ಫೋನ್ ಮಾಡಬೇಕು, ಲೆಕ್ಕದ ಮಾತು ಆಮೇಲೆ.

ನಿದ್ದೆ ಹೋಗಿದ್ದರೆ, ಊಟ ಸೇರದಿದ್ದರೆ, ಬದುಕೇ ಸಾಕೆನಿಸುತ್ತಿದ್ದರೆ, ಈ ಸಾಲು ಓದಿದ ಕೂಡಲೇ ಪಕ್ಕದಲ್ಲಿದ್ದವರಿಗೆ ಹೇಳಿ. 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ-ಮನಸ್ ಅದು. ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಹಿಂದೊಮ್ಮೆ ಸಾಯಲು ಹೋಗಿ ಬದುಕಿದವರು ಕೇಸಾಗುತ್ತದೆಂದು ಹೆದರಿ ದವಾಖಾನೆಗೆ ಹೋಗದೆ ಕೂರಬೇಡಿ. ಅಂಥವರನ್ನು ಶಿಕ್ಷಿಸುವುದಲ್ಲ, ಆರೈಕೆ ಮಾಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಗಂಡ ಹೋಗಲು ಒಲ್ಲೆನೆಂದರೆ ಹೆಂಡತಿಯೇ ಆ ನಂಬರಿಗೆ ಮಾತಾಡಿ ಏನು ಮಾಡಬೇಕೆಂದು ಕೇಳಬಹುದು.

ಇನ್ನು ಸೊಸೈಟಿಯ ಚೇರ್ಮನ್ನರೆ, ಕಾರ್ಯದರ್ಶಿಗಳೆ, ಬ್ಯಾಂಕಿನ ಮ್ಯಾನೇಜರರೆ, ಪಂಚಾಯ್ತಿ ಸದಸ್ಯರೆ: ಬರುವ ಹಂಗಾಮಿನಿಂದ ಬೆಳೆಸಾಲದ ಕಾಗದಕ್ಕೆ ಸಹಿ ಮಾಡಿಸುವ ದಿನ ಗಂಡ-ಹೆಂಡತಿ ಇಬ್ಬರನ್ನೂ ಕರೆಯಿರಿ. ಎರಡು ಕುರ್ಚಿ ಹಾಕಿ, ಸಾಲವೆಷ್ಟು, ಗಡುವು ಯಾವುದು, ಗಡುವು ತಪ್ಪಿದರೆ ಬಡ್ಡಿಯೆಷ್ಟು ಎಂದು ಇಬ್ಬರಿಗೂ ಕೇಳುವಂತೆ ಓದಿ ಹೇಳಿ. ಇದಕ್ಕೆ ಹೊಸ ಆದೇಶ ಬೇಕಿಲ್ಲ, ಅನುದಾನ ಬೇಕಿಲ್ಲ. ಸಾವಳಗಿಯಿಂದಲೇ ಶುರು ಮಾಡಿ. ಮೊದಲ ದಿನ ಯಾರು ಬರುತ್ತಾರೋ ಅವರ ಸಾಲದ ಕಾಗದದಿಂದ.