ವಕೀಲರಿಗೂ ಮೂರು ಕೊಟೇಶನ್ನೇ?

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳೇ ಕೇಳ್ತಾರೆ, "ತಮ್ಮಾ, ನೀ ವಕೀಲ ಅಲ್ಲೇನು? ನಮ್ಮ ಹೊಲದ್ದೊಂದು ಕೇಸ್ ಐತಿ, ಸ್ವಲ್ಪ ನೋಡು" ಅಂತ. ಇಪ್ಪತ್ತು ವರ್ಷಕ್ಕೂ ಮೇಲೆ ಮುಂಬಯಿಯ ಕಂಪನಿಯೊಂದರ ಲೀಗಲ್ ಡಿಪಾರ್ಟ್‌ಮೆಂಟಿನಲ್ಲಿದ್ದೇನೆ, ಕಾನೂನು ಓದಿದ್ದೂ ನಿಜ. ಆದರೆ ಕೋರ್ಟಿನಲ್ಲಿ ಎದ್ದು ನಿಂತು ವಾದ ಮಾಡುವ ಹಾಗಿಲ್ಲ. ಬಾರ್ ಕೌನ್ಸಿಲ್‌ನ 49ನೇ ನಿಯಮದ ಪ್ರಕಾರ ಪೂರ್ಣಾವಧಿ ಸಂಬಳಕ್ಕೆ ದುಡಿಯುವವನು ವಕೀಲಿ ಮಾಡುವಂತಿಲ್ಲ. ನೌಕರಿಗೆ ಸೇರಿದ ಮೇಲೆ ಸನದು ಬದಿಗಿಟ್ಟ ಹಾಗೇ. ಹಾಗಾಗಿ ಕಂಪನಿಯೊಳಗೆ ನಮ್ಮಂಥವರು ಎಷ್ಟು ಜನ ಇದ್ದರೂ ಕೋರ್ಟಿಗೆ ಹೊರಗಿನ ವಕೀಲರೇ ಬೇಕು. ಅವರನ್ನು ಆರಿಸೋದು, ಅವರ ಬೆನ್ನು ಹತ್ತೋದು, ಬಿಲ್ಲು ಪಾಸು ಮಾಡಿಸೋದು, ಇದೇ ನಮ್ಮ ಕೆಲಸ.

2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ಇನ್ನೊಂದು ಮಾತು ಸ್ಪಷ್ಟ ಮಾಡಿತು. ವಕೀಲ ಮತ್ತು ಕಕ್ಷಿದಾರನ ನಡುವಿನ ಮಾತಿಗೆ ಸಾಕ್ಷ್ಯ ಅಧಿನಿಯಮದ 132ನೇ ಕಲಮು ಕೊಡುವ ರಕ್ಷಣೆ ನಮ್ಮಂಥ ಸಂಬಳದ ಕಾನೂನು ಸಲಹೆಗಾರರಿಗೆ ಸಿಗೋದಿಲ್ಲ ಅಂತ. ಅಂದರೆ ಸೂಕ್ಷ್ಮ ವಿಷಯವಿದ್ದರೆ ಮೊದಲ ದಿನದಿಂದಲೇ ಹೊರಗಿನ ವಕೀಲ ಬೇಕು. ಇಷ್ಟು ಮುಖ್ಯವಾದ ಮನುಷ್ಯನನ್ನು ನಾವು ಆರಿಸುವ ರೀತಿ ಮಾತ್ರ... ಆಫೀಸಿಗೆ ಕುರ್ಚಿ ಕೊಳ್ಳುವಾಗಲೂ ಇದಕ್ಕಿಂತ ಹೆಚ್ಚು ಯೋಚನೆ ಮಾಡ್ತೇವೆ!

ದೊಡ್ಡ ವ್ಯವಹಾರ ಬಂದರೆ ದೊಡ್ಡ ಹೆಸರು. ಮೊದಲ ಮೀಟಿಂಗಿಗೆ ಇಬ್ಬರು ಪಾರ್ಟ್ನರುಗಳು ಬರ್ತಾರೆ, ಮಾತು ಕೇಳಿ ನಮ್ಮ ಎಂ.ಡಿ. ಖುಷಿಯಾಗ್ತಾರೆ. ಆಮೇಲೆ ಡ್ರಾಫ್ಟು ಕಳಿಸುವವನು ಎರಡು ವರ್ಷದ ಹಿಂದೆ ಕಾಲೇಜು ಮುಗಿಸಿದ ಹುಡುಗ. ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ, ರಾತ್ರಿ ಎರಡಕ್ಕೂ ಕೂತು ದುಡೀತಾನೆ ಪಾಪ. ಆದರೆ ಯಾರ ಅನುಭವಕ್ಕೆ ನಾವು ದುಡ್ಡು ಕೊಟ್ಟಿದ್ದು? 2015ರಲ್ಲಿ ಅಮರಚಂದ್ ಮಂಗಲದಾಸ್ ಫರ್ಮು ಇಬ್ಬರು ಅಣ್ಣತಮ್ಮಂದಿರ ನಡುವೆ ಪಾಲಾದಾಗ ಕಂಪನಿಗಳು ಕೇಳಿದ್ದು ಬೋರ್ಡು ಯಾರ ಪಾಲಿಗೆ ಹೋಯ್ತು ಅಂತಲ್ಲ, "ನಮ್ಮ ಕೆಲಸ ನೋಡ್ತಿದ್ದ ಪಾರ್ಟ್ನರು ಯಾವ ಕಡೆ ಹೋದರು" ಅಂತ. ಅದೇ ಸರಿಯಾದ ಪ್ರಶ್ನೆ. ಫರ್ಮು ಗೊತ್ತು ಮಾಡುವ ಮೊದಲೇ ಯಾರು ಬರೆಯುತ್ತಾರೆ, ಯಾರು ಕೋರ್ಟಿಗೆ ಹೋಗ್ತಾರೆ ಅಂತ ಹೆಸರು ಬರೆಸಿಕೊಳ್ಳಬೇಕು. ಹೀಗೆ ಬರೆಸಿಕೊಳ್ಳುವ ಕಂಪನಿಗಳನ್ನು ನಾನು ನೋಡಿದ್ದು ಬಹಳ ಕಡಿಮೆ.

ಸಣ್ಣ ಕೇಸಿಗೆ ನಮ್ಮ ಪರ್ಚೇಸ್ ಡಿಪಾರ್ಟ್‌ಮೆಂಟಿನವರದೇ ಕಾನೂನು: ಮೂರು ಕೊಟೇಶನ್, ಎಲ್ಲಕ್ಕಿಂತ ಕಡಿಮೆ ಹೇಳಿದವನಿಗೆ ಕೆಲಸ. ಸಿಮೆಂಟಿಗೆ ಇದು ಸರಿ. ಆದರೆ ಕಮರ್ಷಿಯಲ್ ಕೋರ್ಟಿನ ದಾವೆಗೆ? ಅಲ್ಲಿ ಸಮನ್ಸು ಬಂದ 120 ದಿನದೊಳಗೆ ಲಿಖಿತ ಹೇಳಿಕೆ ಹಾಕದಿದ್ದರೆ ಆ ಹಕ್ಕೇ ಹೋಯ್ತು, ಕೋರ್ಟಿಗೂ ಮನ್ನಿಸುವ ಅಧಿಕಾರವಿಲ್ಲ ಅಂತ ಸುಪ್ರೀಂ ಕೋರ್ಟು 2019ರಲ್ಲೇ ಹೇಳಿದೆ. ಕೊಟೇಶನ್ ತರಿಸಿ, ಹೋಲಿಕೆ ಪಟ್ಟಿ ಮಾಡಿ, ಮೂರು ಜನರ ಸಹಿ ಹಾಕಿಸುವುದರೊಳಗೆ ನಲವತ್ತು ದಿನ ಹೋಗಿರುತ್ತೆ. ಹತ್ತು ಸಾವಿರ ಉಳಿಸಲು ಹೋಗಿ ಕೋಟಿ ರೂಪಾಯಿ ದಾವೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುವ ಪರಿಸ್ಥಿತಿ. ಬೇರೆ ಕಂಪನಿಯಲ್ಲಿರುವ ಗೆಳೆಯನೊಬ್ಬ ಇದನ್ನು ಕಣ್ಣಾರೆ ನೋಡಿದ್ದಾನೆ.

ಇನ್ನು ಪ್ರತಿ ತಾರೀಖಿಗೆ ಇಷ್ಟು ಅಂತ ಫೀಸು ಕೊಡುವ ಪದ್ಧತಿ. ಮುಂದೂಡಿದ ದಿನಕ್ಕೂ ಫೀಸು, ವಾದ ಮಾಡಿದ ದಿನಕ್ಕೂ ಅಷ್ಟೇ ಫೀಸು. ಕೇಸು ಬೇಗ ಮುಗಿದರೆ ಯಾರಿಗೆ ಲಾಭ ನೀವೇ ಹೇಳಿ. ಗೆದ್ದರೆ ಇಷ್ಟು ಪಾಲು ಅನ್ನೋ ಕರಾರಿಗೆ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶವಿಲ್ಲ. ಹಂತ ಹಂತಕ್ಕೆ, ಅಂದರೆ ಹೇಳಿಕೆಗೆ ಇಷ್ಟು, ಸಾಕ್ಷಿ ಮುಗಿದಾಗ ಇಷ್ಟು, ವಾದಕ್ಕೆ ಇಷ್ಟು ಅಂತ ಮಾಡಿದರೆ ವಾಸಿ.

ಆದರೆ ನನಗೆ ನಿಜವಾಗಿ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ಕಲಬುರಗಿಯಲ್ಲಿ ನಮ್ಮ ಕೇಸು ನೋಡುವ ಹಿರಿಯ ವಕೀಲರೊಬ್ಬರಿದ್ದಾರೆ. ಹದಿನೈದು ಸಾವಿರದ ಒಂದು ಬಿಲ್ಲು ಏಳು ತಿಂಗಳು ಓಡಾಡಿತು. ಕಾರಣ? ಕಂಪನಿಯ ವೆಂಡರ್ ಪೋರ್ಟಲಿನಲ್ಲಿ ಜಿಎಸ್‌ಟಿ ನಂಬರಿನ ಜಾಗ ಖಾಲಿ ಬಿಡೋ ಹಾಗಿಲ್ಲ. ವಕೀಲರು ಕಂಪನಿಗೆ ಕೊಡುವ ಸೇವೆಯ ಜಿಎಸ್‌ಟಿಯನ್ನು ಕಂಪನಿಯೇ ಕಟ್ಟಬೇಕು, ರಿವರ್ಸ್ ಚಾರ್ಜ್ ಅಂತಾರೆ; ಬರೀ ಇಂಥ ಕೆಲಸ ಮಾಡುವ ವಕೀಲರಿಗೆ ನೋಂದಣಿಯೇ ಬೇಡ. ಇದನ್ನು ಅಕೌಂಟ್ಸಿನವರಿಗೆ ತಿಳಿಹೇಳೋದರಲ್ಲಿ ನನಗೆ ಸಾಕು ಸಾಕಾಯ್ತು. ಅತ್ತ ದೊಡ್ಡ ಫರ್ಮಿನ ಲಕ್ಷಗಟ್ಟಲೆ ಬಿಲ್ಲು ತಿಂಗಳೊಳಗೆ ಪಾಸು, ಯಾಕಂದರೆ ಅವರ ಪಾರ್ಟ್ನರು ಸೀದಾ ಎಂ.ಡಿ.ಗೇ ಫೋನು ಮಾಡ್ತಾರೆ. ಕಲಬುರಗಿಯವರು ನನಗೆ ಫೋನು ಮಾಡಿ, "ಸರ, ಅದು ಬಿಲ್ಲಿಂದು ಏನಾರ ಆತೇನ್ರಿ?" ಅಂತ ಸಂಕೋಚದಿಂದ ಕೇಳಿ, ಉತ್ತರಕ್ಕೂ ಕಾಯದೆ ಮುಂದಿನ ತಾರೀಖಿನ ಮಾತಿಗೆ ಹೋಗಿಬಿಡ್ತಿದ್ದರು.

ಫೀಸು ಬಾಕಿ ಇದೆ ಅಂತ ವಕೀಲರು ಫೈಲು ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ. ಮಧ್ಯಪ್ರದೇಶದ ಸಹಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲೇ ಹಾಗೆ ತೀರ್ಪು ಕೊಟ್ಟಿದೆ. ಕಕ್ಷಿದಾರನ ದೃಷ್ಟಿಯಿಂದ ನ್ಯಾಯವೇ. ಆದರೆ ರೈತನೊಬ್ಬ ಕಕ್ಷಿದಾರನಾಗಿರೋದು ಬೇರೆ, ನೂರಾರು ಕೋಟಿ ವಹಿವಾಟಿನ ಕಂಪನಿ ಅದೇ ತೀರ್ಪಿನ ನೆರಳಲ್ಲಿ ಹದಿನೈದು ಸಾವಿರ ಸತಾಯಿಸೋದು ಬೇರೆ.

ಈಗ ಹೊಸದಾಗಿ ಇನ್ನೊಂದು ಮಾತು ಬಂದಿದೆ, ಫರ್ಮುಗಳ ಸಂಖ್ಯೆ ಇಳಿಸೋಣ, ಎಲ್ಲ ರಾಜ್ಯದ್ದನ್ನೂ ಒಂದೇ ದೊಡ್ಡ ಫರ್ಮಿಗೆ ಕೊಡೋಣ ಅಂತ. ಅಮೆರಿಕದ ಡ್ಯೂಪಾಂಟ್ ಕಂಪನಿ 1992ರಲ್ಲಿ ಶುರು ಮಾಡಿದ ಪದ್ಧತಿ ಇದು. ಅಲ್ಲಿ ಸರಿಯಿದ್ದೀತು. ಇಲ್ಲಿ ಏನಾಗುತ್ತೆ ಅಂದರೆ ಮುಂಬಯಿ ಫರ್ಮು ಅದೇ ಧಾರವಾಡದ, ಅದೇ ಕಲಬುರಗಿಯ ವಕೀಲರಿಗೇ ಕೆಲಸ ದಾಟಿಸಿ, ಮಧ್ಯೆ ತನ್ನದೊಂದಿಷ್ಟು ಇಟ್ಟುಕೊಳ್ಳುತ್ತೆ. ಕೆಳ ಕೋರ್ಟಿನ ಸಾಕ್ಷಿ ಹೇಳಿಕೆ ಕನ್ನಡದಲ್ಲಿರುತ್ತೆ. ಅದನ್ನು ಇಂಗ್ಲಿಷಿಗೆ ಮಾಡಿಸಿ ನಮಗೆ ಕಳಿಸಿ ಅದಕ್ಕೂ ಬಿಲ್ಲು. ನಾನು ಕನ್ನಡದವನು, ನೇರ ಓದ್ತೀನಿ ಮಾರಾಯ್ರೇ ಅಂದರೂ ಕೇಳಲ್ಲ, ಅನುವಾದ ಬಂದೇ ಬರುತ್ತೆ.

ಆಡಿಟಿನವರು ಹೇಳ್ತಾರೆ, ಕೊಟೇಶನ್ ಇಲ್ಲದಿದ್ದರೆ ನಿಮ್ಮವರನ್ನೇ ತುಂಬ್ತೀರಿ ಅಂತ. ಸುಳ್ಳಲ್ಲ, ಭಾವಮೈದುನನನ್ನು ಪ್ಯಾನೆಲಿಗೆ ಹಾಕಿದ ಮಹನೀಯರನ್ನೂ ಕಂಡಿದ್ದೇನೆ. ಅದಕ್ಕೆ ಮದ್ದು ಕಡಿಮೆ ರೇಟಲ್ಲ, ಯಾಕೆ ಈ ವಕೀಲರು ಅಂತ ಅರ್ಧ ಪುಟ ಬರೆದು ಸಹಿ ಹಾಕೋದು. ವರ್ಷದ ಕೊನೆಗೆ ಆ ಅರ್ಧ ಪುಟ ತೆಗೆದು ನೋಡಲಿ.

ನಮ್ಮ ಪ್ಯಾನೆಲ್ ಮತ್ತೆ ಪರಿಷ್ಕರಣೆಗೆ ಬಂದಿದೆ. ಪರ್ಚೇಸಿನವರು ಕಲಬುರಗಿಗೂ ಮೂರು ಹೆಸರು ಕೇಳಿದ್ದಾರೆ. ನಾನು ಒಂದೇ ಹೆಸರು, ಜೊತೆಗೆ ಅರ್ಧ ಪುಟ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.