ಬಾಲ್ಯದ ಕ್ಯಾನ್ಸರ್‌ನಿಂದ ಗುಣಮುಖರಾದವರು ಮತ್ತು ಉದ್ಯೋಗದಾತರ ಹೊಣೆ

ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿಯಂತಹ ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸ ಅರಸಿ ಬರುವ ಅಭ್ಯರ್ಥಿ ಭರ್ತಿ ಮಾಡಬೇಕಾದ ಅರ್ಜಿಯಲ್ಲಿ ಒಂದು ಪ್ರಶ್ನೆ ಇರುವುದುಂಟು: "ಈ ಹಿಂದೆ ಗಂಭೀರ ಕಾಯಿಲೆ ಬಂದಿತ್ತೇ?" ಏಳನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್‌ಗೆ ತುತ್ತಾಗಿ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲೋ ಮೈಸೂರಿನಲ್ಲೋ ಚಿಕಿತ್ಸೆ ಪಡೆದು ಗುಣಮುಖನಾಗಿ, ಈಗ ಡಿಪ್ಲೊಮಾ ಮುಗಿಸಿರುವ ಯುವಕನಿಗೆ ಈ ಒಂದು ಸಾಲು ಧರ್ಮಸಂಕಟವನ್ನು ತಂದೊಡ್ಡುತ್ತದೆ. ಹೌದೆಂದರೆ ಕೆಲಸ ಕೈತಪ್ಪಬಹುದು. ಇಲ್ಲವೆಂದರೆ ವೃತ್ತಿಜೀವನವೇ ಸುಳ್ಳಿನಿಂದ ಆರಂಭವಾದಂತಾಗುತ್ತದೆ.

ಇಂತಹ ಯುವಜನರ ಸಂಖ್ಯೆ ಮುಂದೆ ಹೆಚ್ಚುವುದರಲ್ಲಿ ಸಂದೇಹವಿಲ್ಲ. ಶ್ರೀಮಂತ ರಾಷ್ಟ್ರಗಳಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳ ಪೈಕಿ ಶೇ. 80ಕ್ಕೂ ಹೆಚ್ಚು ಮಂದಿ ಗುಣ ಹೊಂದುತ್ತಾರೆ. 2030ರೊಳಗೆ ವಿಶ್ವದಾದ್ಯಂತ ಕನಿಷ್ಠ ಶೇ. 60ರಷ್ಟು ಮಕ್ಕಳನ್ನು ಉಳಿಸುವ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹಾಕಿಕೊಂಡಿತು. ಗುಣಮುಖರಾದವರನ್ನು ರೋಗಿಗಳೆಂದು ಭಾವಿಸುವುದು ತಪ್ಪು. ಆದರೂ ಕೆಲವು ಔಷಧಗಳು ವರ್ಷಗಳ ನಂತರ ಹೃದಯವನ್ನು ಬಾಧಿಸಬಹುದು. ತಲೆಗೆ ನೀಡಿದ ವಿಕಿರಣ ಚಿಕಿತ್ಸೆ ಕಲಿಕೆಯ ಮೇಲೆ ಪರಿಣಾಮ ಬೀರಬಹುದು. ಆದುದರಿಂದ ಕಾಲಕಾಲಕ್ಕೆ ತಪಾಸಣೆ ಅವಶ್ಯ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು 1991ರಲ್ಲಿಯೇ ಇದಕ್ಕಾಗಿ ಪ್ರತ್ಯೇಕ ಕ್ಲಿನಿಕ್ ತೆರೆಯಿತು. ಆದರೆ ಕಾಯಿಲೆಯನ್ನು ಮುಚ್ಚಿಟ್ಟು ಕೆಲಸಕ್ಕೆ ಸೇರಿದವನು ರಜೆ ಕೇಳಲು ಅಂಜಿ ತಪಾಸಣೆಯನ್ನೇ ಕೈಬಿಡುವ ಅಪಾಯವಿದೆ.

ವ್ಯಾಪಾರಸ್ಥರಿಗೆ ಕಾಲಮಿತಿಯ ತತ್ವ ಹೊಸದಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕಪುಸ್ತಕಗಳನ್ನು ಸಾಮಾನ್ಯವಾಗಿ ಎಂಟು ವರ್ಷ ಕಾಪಾಡಿದರೆ ಸಾಕು. 2015ರ ತಿದ್ದುಪಡಿಯ ನಂತರ ಜೀವ ವಿಮಾ ಪಾಲಿಸಿಯನ್ನು ಮೂರು ವರ್ಷ ಕಳೆದ ಮೇಲೆ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಆರೋಗ್ಯ ವಿಮೆಯಲ್ಲಿಯೂ, ವಂಚನೆ ಸಾಬೀತಾದ ಪ್ರಕರಣಗಳನ್ನು ಬಿಟ್ಟರೆ, ಈ ಅವಧಿಯನ್ನು 2024ರಲ್ಲಿ 60 ತಿಂಗಳಿಗೆ ಇಳಿಸಲಾಯಿತು. ಫ್ರಾನ್ಸ್ ದೇಶವಂತೂ 2022ರ ಕಾಯ್ದೆಯ ಮೂಲಕ, ಚಿಕಿತ್ಸೆ ಮುಗಿದು ಐದು ವರ್ಷ ಕಳೆದ ಮೇಲೆ ರೋಗ ಮರುಕಳಿಸದಿದ್ದಲ್ಲಿ, ಸಾಲಕ್ಕೆ ಸಂಬಂಧಿಸಿದ ವಿಮೆಗೆ ಹಳೆಯ ಕ್ಯಾನ್ಸರ್‌ನ ವಿವರ ನೀಡಬೇಕಿಲ್ಲವೆಂದು ವಿಧಿಸಿತು. ಹೀಗಿರುವಾಗ ಹದಿನೇಳು ವರ್ಷಗಳ ಹಿಂದಿನ ಕಾಯಿಲೆಯ ಖಾತೆಯನ್ನು ಉದ್ಯೋಗದಾತರು ತೆರೆದೇ ಇಡುವುದು ನ್ಯಾಯವೇ?

ಅಪಾಯಕಾರಿ ಪ್ರಕ್ರಿಯೆಗಳಿರುವ ಘಟಕಗಳಲ್ಲಿ ವೈದ್ಯಕೀಯ ಪರೀಕ್ಷೆ ಅನಿವಾರ್ಯವೆಂಬುದು ನಿಜ. ಆದರೆ ಪರೀಕ್ಷಿಸಬೇಕಾದುದು ಆ ಕೆಲಸಕ್ಕೆ ಇಂದು ಇರುವ ಅರ್ಹತೆಯನ್ನೇ ಹೊರತು ಬಾಲ್ಯದ ಚರಿತ್ರೆಯನ್ನಲ್ಲ. ವಿಮಾ ಪ್ರೀಮಿಯಂ ಏರೀತೆಂಬ ಸಣ್ಣ ಉದ್ಯಮಿಗಳ ಆತಂಕವೂ ಅಸಹಜವಲ್ಲ. ಇ.ಎಸ್.ಐ. ವ್ಯಾಪ್ತಿಯ ನೌಕರರ ವಿಷಯದಲ್ಲಿ ಹಳೆಯ ಕಾಯಿಲೆಯೆಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ; ಆ ವೇತನ ಮಿತಿಯನ್ನು ಮೀರಿದವರಿಗೆ ಮೊದಲ ದಿನದಿಂದಲೇ ಹಳೆಯ ಕಾಯಿಲೆಗಳನ್ನೂ ಒಳಗೊಳ್ಳುವ ಗುಂಪು ವಿಮೆ ಬೇಕು. ಹತ್ತು ನೌಕರರ ಘಟಕವೊಂದು ಒಂಟಿಯಾಗಿ ಚೌಕಾಸಿ ಮಾಡುವುದು ಕಷ್ಟ. ವಾಣಿಜ್ಯ ಸಂಸ್ಥೆಗಳು ಸದಸ್ಯರ ಪರವಾಗಿ ಒಟ್ಟಾಗಿ ಮಾತುಕತೆ ನಡೆಸಿದರೆ ಹೊರೆ ಹಗುರವಾದೀತು.

ಅರ್ಜಿಯಿಂದ ಒಂದು ಪ್ರಶ್ನೆಯನ್ನು ತೆಗೆಯುವುದು, ವಾರ್ಷಿಕ ತಪಾಸಣೆಗೆ ಒಂದು ದಿನದ ಸಂಬಳಸಹಿತ ರಜೆ ನೀಡುವುದು: ಇವೆರಡಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹೆಚ್ಚಿನ ಖರ್ಚೂ ಇಲ್ಲ. ಆಸ್ತಿಪಾಸ್ತಿ ಮಾರಿ ಮಗುವನ್ನು ಉಳಿಸಿಕೊಂಡ ತಂದೆತಾಯಿಗಳ ಶ್ರಮ ಕಾರ್ಖಾನೆಯ ಗೇಟಿನ ಬಳಿ ವ್ಯರ್ಥವಾಗಬಾರದು.